ಬಗ್ಗದ ಪಾದಕ್ಕೆ ಯಾವ ಶೂ? ದೊಡ್ಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಾದದ ಆಕಾರ ಬದಲಾದವರಿಗೆ ಅಳತೆ ತೆಗೆದು ಶೂ, ಚಪ್ಪಲಿ ಮಾಡಿಸಿಕೊಡುವುದು ನನ್ನ ಕೆಲಸ. ಎದುರಿಗೆ ಕೂತು ಕೇಳಿದ, ಪತ್ರದಲ್ಲಿ ಬರೆದ, ಫೋನಿನಲ್ಲಿ ವಿಚಾರಿಸಿದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಹುಟ್ಟಿನಿಂದ ಪಾದ ಒಳಕ್ಕೆ ತಿರುಗಿರುವವರು, ಚಿಕ್ಕಂದಿನಲ್ಲಿ ಪೋಲಿಯೋ ಬಂದವರು, ಅಪಘಾತದಲ್ಲಿ ಕೀಲು ಸೆಟೆದುಕೊಂಡವರು, ಸಂಧಿವಾತ, ಸಕ್ಕರೆ ಕಾಯಿಲೆ ಅಥವಾ ಕುಷ್ಠರೋಗದಿಂದ ಪಾದದ ರೂಪ ಕೆಟ್ಟವರು, ಎಲ್ಲರೂ ಇದರಲ್ಲಿದ್ದಾರೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲು ತಿಳಿಯಬೇಕಾದ್ದು

“ಪಾದ ರಿಜಿಡ್ ಆಗಿದೆ ಅಂತ ಡಾಕ್ಟರ್ ಬರೆದಿದ್ದಾರೆ. ಹಾಗಂದ್ರೆ ಏನು? ಮನೇಲೇ ನೋಡ್ಕೋಬಹುದಾ?”

ಕೈಯಿಂದ ಹಿಡಿದು ತಿರುಗಿಸಿದರೂ ನೇರಕ್ಕೆ ಬಾರದ ಪಾದಕ್ಕೆ ಹಾಗೆ ಬರೆಯುತ್ತಾರೆ. ಎತ್ತರದ ಕುರ್ಚಿಯಲ್ಲಿ ಕೂತು ಕಾಲು ಇಳಿಬಿಡಿ. ಮನೆಯವರೊಬ್ಬರು ಒಂದು ಕೈಯಲ್ಲಿ ಕಣಕಾಲು, ಇನ್ನೊಂದರಲ್ಲಿ ಹಿಮ್ಮಡಿ ಹಿಡಿದು ಮೆಲ್ಲಗೆ ನೇರ ಮಾಡಲಿ. ಹಿಮ್ಮಡಿ ಅಲ್ಲಾಡದೆ ನಿಂತರೆ ಅದು ಬಗ್ಗದ ಪಾದ. ಜೋರು ಮಾಡಬೇಡಿ.

ಚಪ್ಪಟೆ ಪಾದದವರು ಗೋಡೆ ಹಿಡಿದು ತುದಿಗಾಲಲ್ಲಿ ನಿಂತು ನೋಡಬಹುದು. ಆಗ ಕಮಾನು ಮೂಡಿದರೆ ಪಾದ ಇನ್ನೂ ಬಗ್ಗುತ್ತದೆ. ಮೂಡದಿದ್ದರೆ ಗಟ್ಟಿಯಾಗಿರುವ ಸಾಧ್ಯತೆ ಜಾಸ್ತಿ. ಕಮಾನು ತುಂಬ ಎತ್ತರ ಇದ್ದು ಹಿಮ್ಮಡಿ ಒಳಕ್ಕೆ ವಾಲಿದವರಿಗೆ ಕ್ಲಿನಿಕ್‌ನಲ್ಲಿ ಕೋಲ್ಮನ್ ಬ್ಲಾಕ್ ಪರೀಕ್ಷೆ ಮಾಡುತ್ತಾರೆ. ಹಿಮ್ಮಡಿ ಮತ್ತು ಪಾದದ ಹೊರ ಅಂಚನ್ನು ಸುಮಾರು ಎರಡೂವರೆ ಸೆಂಟಿಮೀಟರ್ ದಪ್ಪದ ಹಲಗೆಯ ಮೇಲಿಟ್ಟು, ಹೆಬ್ಬೆರಳ ಕಡೆಯನ್ನು ಹಲಗೆಯಿಂದ ಕೆಳಕ್ಕೆ ಬಿಡುತ್ತಾರೆ. ಹಿಮ್ಮಡಿ ನೇರವಾಯಿತು ಅಂದರೆ ಹಿಂಪಾದ ಬಗ್ಗುತ್ತದೆ, ತೊಂದರೆ ಮುಂಗಾಲಿನಲ್ಲಿದೆ ಎಂದು ಲೆಕ್ಕ.

ತುಂಬ ಜನರ ಪಾದದಲ್ಲಿ ಎರಡೂ ಇರುತ್ತವೆ. ಹಿಮ್ಮಡಿ ಗಟ್ಟಿ, ಮುಂಗಾಲು ಸ್ವಲ್ಪ ಬಗ್ಗುತ್ತದೆ. ಯಾವ ಭಾಗ ಗಟ್ಟಿ, ಯಾವುದು ಅಲ್ಲ ಅನ್ನುವುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಶೂ ಮಾಡುವವರಿಗೆ ರೋಗದ ಹೆಸರಿಗಿಂತ ಅದೇ ಮುಖ್ಯ.

“ಸ್ಪೆಷಲ್ ಶೂ ಹಾಕ್ತಾ ಹೋದ್ರೆ ಪಾದ ನಿಧಾನಕ್ಕೆ ನೇರ ಆಗುತ್ತಾ?”

ಇಲ್ಲ. ದೊಡ್ಡವರ ಬಗ್ಗದ ಪಾದವನ್ನು ಯಾವ ಶೂ ಕೂಡ ನೇರ ಮಾಡುವುದಿಲ್ಲ. ಹಾಗೆ ಭರವಸೆ ಕೊಟ್ಟು ಯಾರಾದರೂ ಮಾರಿದರೆ ಕೊಳ್ಳಬೇಡಿ. ಮಕ್ಕಳ ವಿಷಯ ಬೇರೆ. ಹುಟ್ಟಿದ ಮಗುವಿನ ಸೊಟ್ಟಪಾದವನ್ನು ಪೊನ್ಸೆಟಿ ವಿಧಾನದಲ್ಲಿ ವಾರವಾರ ಪ್ಲಾಸ್ಟರ್ ಬದಲಿಸಿ, ಆಮೇಲೆ ನಡುವೆ ಪಟ್ಟಿ ಜೋಡಿಸಿದ ಬೂಟು ತೊಡಿಸಿ ತಿದ್ದುತ್ತಾರೆ. ಎಳೆ ಮೂಳೆ, ಎಳೆ ಸ್ನಾಯು ಅದಕ್ಕೆ ಬಗ್ಗುತ್ತವೆ. ನಲವತ್ತು ವರ್ಷದ ಪಾದ ಬಗ್ಗುವುದಿಲ್ಲ. ಒತ್ತಾಯ ಮಾಡಿದರೆ ಆ ಒತ್ತಡವೆಲ್ಲ ಚರ್ಮದ ಮೇಲೆ ಬಂದು ಆಣಿ, ಗುಳ್ಳೆ, ಹುಣ್ಣು ಆಗುತ್ತದೆ.

ಹಾಗಾದರೆ ಶೂ ಯಾಕೆ? ಕುಂಟುವ ಮೇಜಿನ ಕಾಲಿನ ಕೆಳಗೆ ರಟ್ಟು ಮಡಚಿಡುತ್ತೀವಲ್ಲ, ಹಾಗೆ ಪಾದ ಮತ್ತು ನೆಲದ ನಡುವೆ ಖಾಲಿ ಇರುವ ಜಾಗವನ್ನು ತುಂಬುವುದಕ್ಕೆ. ಒಂದೇ ಕಡೆ ಬೀಳುವ ಭಾರವನ್ನು ಇಡೀ ಅಂಗಾಲಿಗೆ ಹಂಚುವುದಕ್ಕೆ. ಉಬ್ಬಿದ ಮೂಳೆ ಉಜ್ಜದಂತೆ ಕಾಯುವುದಕ್ಕೆ. ಬಗ್ಗದ ಕೀಲು ಮಾಡಲಾಗದ ಕೆಲಸವನ್ನು ಸೋಲ್‌ನಿಂದ ಮಾಡಿಸುವುದಕ್ಕೆ. ಪಾದ ಹೇಗಿದೆಯೋ ಹಾಗೇ ಇರಲಿ, ಶೂ ಅದಕ್ಕೆ ಹೊಂದಿಕೊಳ್ಳಲಿ. ಕೆಳಗಿನ ಎಲ್ಲ ಉತ್ತರಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

“ಎರಡು ಸೈಜ್ ದೊಡ್ಡ ಶೂ ತಗೊಂಡ್ರೆ ಸಾಕಲ್ವಾ? ಅಗಲಕ್ಕೆ ಜಾಗ ಸಿಗುತ್ತೆ.”

ಸಾಕಾಗುವುದಿಲ್ಲ. ಸೈಜ್ ಹೆಚ್ಚಿದಾಗ ಉದ್ದ ಬೆಳೆಯುವಷ್ಟು ಅಗಲ, ಆಳ ಬೆಳೆಯುವುದಿಲ್ಲ. ಬೆರಳ ಮುಂದೆ ಖಾಲಿ ಉಳಿಯುತ್ತದೆ, ಹಿಮ್ಮಡಿ ಹಿಂದೆ ಸಡಿಲವಾಗುತ್ತದೆ. ನಡೆಯುವಾಗ ಪಾದ ಒಳಗೆ ಹಿಂದೆ ಮುಂದೆ ಜಾರಿ ಉಜ್ಜುತ್ತದೆ. ಶೂ ಬಗ್ಗುವ ಜಾಗವೂ ನಿಮ್ಮ ಬೆರಳ ಬುಡಕ್ಕೆ ಸರಿಯಾಗಿ ಬರುವುದಿಲ್ಲ. ನಿಮಗೆ ಬೇಕಿರುವುದು ಅಗಲ ಮತ್ತು ಆಳ, ಉದ್ದವಲ್ಲ.

ಉದ್ದದ ಲೆಕ್ಕ ಸರಳ: ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಹೆಚ್ಚುಕಡಿಮೆ ಹೆಬ್ಬೆಟ್ಟಿನ ಅಗಲ ಜಾಗ. ಅತಿ ಉದ್ದದ ಬೆರಳು ಹೆಬ್ಬೆರಳೇ ಆಗಬೇಕಿಲ್ಲ. ಸಂಜೆ ಹೊತ್ತು ಅಳತೆ ನೋಡಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ.

“ಇದಕ್ಕೆ ಯಾರ ಹತ್ರ ಹೋಗ್ಬೇಕು? ಮೂಳೆ ಡಾಕ್ಟರಾ, ಶೂ ಅಂಗಡಿನಾ?”

ಮೊದಲು ಮೂಳೆ ಡಾಕ್ಟರ್ ಅಥವಾ ಪುನರ್ವಸತಿ ವಿಭಾಗದ ಡಾಕ್ಟರ್. ಪಾದ ಯಾಕೆ ಹೀಗಾಗಿದೆ, ಇನ್ನೂ ಬದಲಾಗುತ್ತಿದೆಯೇ, ರಕ್ತ ಓಡಾಟ ಸರಿಯಿದೆಯೇ ಎಂದು ಅವರು ಹೇಳುತ್ತಾರೆ. ಆಮೇಲೆ ಆರ್ಥೋಟಿಸ್ಟ್, ಅಂದರೆ ಅಳತೆ ತೆಗೆದು ಇಂಥ ಶೂ, ಕಾಲಿನ ಆಧಾರ ಸಾಧನ ಮಾಡಿಸಿಕೊಡುವ ತಜ್ಞರು. ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ಸಂಖ್ಯೆ ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ.

ಬೆಂಗಳೂರಿನಲ್ಲಿ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳಲ್ಲಿ ಈ ಕೆಲಸ ನಡೆಯುತ್ತದೆ. ಸಕ್ಕರೆ ಕಾಯಿಲೆಯ ಪಾದಕ್ಕೆ ಸರ್ಕಾರದ ಎಂಡೋಕ್ರಿನಾಲಜಿ ಸಂಸ್ಥೆಯಲ್ಲಿ ಪಾದ ವಿಭಾಗವಿದೆ. ಗಡಿ ಜಿಲ್ಲೆಯವರು ವೆಲ್ಲೂರಿಗೂ ಹೋಗುತ್ತಾರೆ. ಊರಿನ ಚಪ್ಪಲಿ ಹೊಲಿಯುವವರನ್ನು ಕಡೆಗಣಿಸಬೇಡಿ. ಸೋಲ್ ಏರಿಸುವುದು, ಅಂಚು ಅಗಲ ಮಾಡುವುದು, ವೆಲ್ಕ್ರೋ ಹೊಲಿಯುವುದರಲ್ಲಿ ಅವರ ಕೈ ಚೆನ್ನಾಗಿ ಪಳಗಿರುತ್ತದೆ. ಎಷ್ಟು, ಎಲ್ಲಿ ಅನ್ನುವುದನ್ನು ಆರ್ಥೋಟಿಸ್ಟ್ ಮಿಲಿಮೀಟರ್ ಲೆಕ್ಕದಲ್ಲಿ ಬರೆದುಕೊಟ್ಟಿರಬೇಕು, ಅಷ್ಟೇ.

“ಹಳೇ ಚಪ್ಪಲಿ ತನ್ನಿ ಅಂತೀರಲ್ಲ, ಯಾಕೆ? ಅದು ಪೂರ್ತಿ ಸವೆದು ಹೋಗಿದೆ.”

ಸವೆದಿರುವುದಕ್ಕೇ ಬೇಕು. ಸೊಟ್ಟಪಾದದವರೊಬ್ಬರ ರಬ್ಬರ್ ಚಪ್ಪಲಿಯನ್ನು ನೆನಪಿಸಿಕೊಂಡು ಹೇಳುತ್ತೇನೆ. ಹೊರ ಅಂಚು ಕಾಗದದಷ್ಟು ತೆಳುವಾಗಿತ್ತು, ಒಳ ಅಂಚಿನಲ್ಲಿ ಹೊಸ ಚಪ್ಪಲಿಯ ಗೀರುಗಳು ಹಾಗೇ ಉಳಿದಿದ್ದವು. ಮೇಲ್ಭಾಗದಲ್ಲಿ ಕಿರುಬೆರಳ ಬುಡ ಕೂರುವ ಕಡೆ ಒಂದು ಕುಳಿ, ಅದರ ಹಿಂದೆ ಪಾದದ ನಡುವಿನ ಹೊರ ಮೂಳೆ ಒತ್ತಿದ ಇನ್ನೊಂದು ಕುಳಿ. ಹಿಮ್ಮಡಿಯ ಜಾಗ ಮಾತ್ರ ನುಣುಪಾಗಿತ್ತು, ಅಲ್ಲಿ ಭಾರವೇ ಬಿದ್ದಿಲ್ಲ. ಅಂದರೆ ಇಡೀ ದೇಹ ಎರಡು ಮೂಳೆಗಳ ಮೇಲೆ ನಿಂತಿತ್ತು. ಅವರ ಅಂಗಾಲು ನೋಡಿದರೆ ಸರಿಯಾಗಿ ಅದೇ ಎರಡು ಜಾಗದಲ್ಲಿ ಜಡ್ಡು.

ಹಳೆಯದನ್ನು ತೊಳೆಯಬೇಡಿ, ರಿಪೇರಿ ಮಾಡಿಸಬೇಡಿ. ಹಾಗೇ ತನ್ನಿ. ನೀವು ದಿನಾ ಹೇಗೆ ನಡೆಯುತ್ತೀರಿ ಅನ್ನುವುದು ಕ್ಲಿನಿಕ್‌ನ ಹತ್ತು ಹೆಜ್ಜೆಗಿಂತ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

## ಅಳತೆ, ಆಯ್ಕೆ, ಖರ್ಚು

“ದೂರದ ಊರು. ಪಾದದ ನಕ್ಷೆ ಬರೆದು ಕಳಿಸಿದ್ರೆ ಶೂ ಮಾಡಿಕೊಡ್ತೀರಾ?”

ಸ್ವಲ್ಪವೇ ಆಕಾರ ಬದಲಾದ, ಸ್ಪರ್ಶ ಚೆನ್ನಾಗಿರುವ ಪಾದವಾದರೆ ನಕ್ಷೆಯಿಂದ ಚಪ್ಪಲಿ ಮಾಡಬಹುದು. ಉಳಿದವರು ಒಮ್ಮೆಯಾದರೂ ಬರಲೇಬೇಕು. ನಕ್ಷೆ ತೋರಿಸುವುದು ಅಂಚನ್ನು ಮಾತ್ರ. ಬೆರಳು ಎಷ್ಟು ಎತ್ತರಕ್ಕೆ ಮಡಚಿದೆ, ಮೇಲೆ ಎಲ್ಲಿ ಮೂಳೆ ಉಬ್ಬಿದೆ ಎಂದು ಕಾಗದ ಹೇಳುವುದಿಲ್ಲ.

ಬರೆಯುವುದಾದರೆ ನಿಂತುಕೊಂಡೇ ಬರೆಸಿ, ಕೂತಲ್ಲ. ಪೆನ್ನು ನೆಟ್ಟಗೆ ಹಿಡಿಯಲಿ. ಓರೆಯಾದರೆ ಅಳತೆ ಪಾದದ ಅಡಿಗೆ ನುಸುಳುತ್ತದೆ. ಎರಡೂ ಪಾದ ಬರೆಸಿ. ಬೆರಳ ಬುಡದ ಸುತ್ತಳತೆ, ಪಾದದ ನಡುವಿನ ಸುತ್ತಳತೆ, ಹಿಮ್ಮಡಿಯಿಂದ ಪಾದದ ಮೇಲ್ಭಾಗ ಬಳಸಿ ಬರುವ ಸುತ್ತಳತೆ ಟೇಪಿನಲ್ಲಿ ತೆಗೆಯಿರಿ. ಅತಿ ಎತ್ತರದ ಬೆರಳು ನೆಲದಿಂದ ಎಷ್ಟು ಮೇಲಿದೆ ಅನ್ನುವುದನ್ನು ಸ್ಕೇಲಿನಲ್ಲಿ ನೋಡಿ. ಜಡ್ಡು, ಹಳೇ ಗಾಯದ ಕಲೆ ಇರುವ ಕಡೆ ನಕ್ಷೆಯಲ್ಲಿ ಗುರುತು ಹಾಕಿ.

“ರೆಡಿಮೇಡ್ ಆರ್ಥೋ ಶೂ ಸಾಕಾಗುತ್ತಾ, ಅಚ್ಚು ತೆಗೆಸಿ ಮಾಡಿಸಲೇಬೇಕಾ?”

ಮೂರು ಹಂತ ಇದೆ. ಪಾದ ಒಟ್ಟಾರೆ ಪಾದದ ಆಕಾರದಲ್ಲೇ ಇದ್ದು, ಬೆರಳು ಮಡಚಿದ್ದರೆ ಅಥವಾ ಹೆಬ್ಬೆರಳ ಗಂಟು ದೊಡ್ಡದಾಗಿದ್ದರೆ, ಆಳ ಜಾಸ್ತಿ ಇರುವ ರೆಡಿಮೇಡ್ ಶೂ ತೆಗೆದುಕೊಂಡು ಒಳಗೆ ನಿಮ್ಮ ಪಾದದ ಅಚ್ಚಿನ ಇನ್ಸೋಲ್ ಹಾಕಿಸಿದರೆ ಸಾಕು. ಎರಡನೆಯದು, ರೆಡಿಮೇಡ್ ಶೂವನ್ನೇ ಬಿಚ್ಚಿ ಸೋಲ್, ಹೀಲ್ ಬದಲಿಸುವುದು. ಮೂರನೆಯದು, ಪ್ಲಾಸ್ಟರಿನಲ್ಲೋ ಸ್ಕ್ಯಾನರಿನಲ್ಲೋ ಪಾದದ ಅಚ್ಚು ತೆಗೆದು ಅದರ ಮೇಲೆ ಶೂ ಕಟ್ಟುವುದು. ಪಾದದ ಅಡಿಭಾಗ ಒಳಕ್ಕೆ ಅಥವಾ ಮೇಲಕ್ಕೆ ತಿರುಗಿದ್ದರೆ, ಸಕ್ಕರೆ ಕಾಯಿಲೆಯಲ್ಲಿ ಮಧ್ಯಪಾದ ಕುಸಿದು ಅಂಗಾಲು ಹೊರಕ್ಕೆ ಉಬ್ಬಿದ್ದರೆ, ಬೆರಳು ಅಥವಾ ಮುಂಗಾಲು ತೆಗೆದಿದ್ದರೆ ಇದೇ ಬೇಕು.

ನನ್ನ ಅನುಭವದಲ್ಲಿ ಜನ ಮೊದಲೇ ಮೂರನೆಯದಕ್ಕೆ ಹಣ ಹಾಕುತ್ತಾರೆ, ಇಲ್ಲವೇ ಅದು ಬೇಕಿದ್ದರೂ ಮೊದಲನೆಯದರಲ್ಲೇ ವರ್ಷಗಟ್ಟಲೆ ಒದ್ದಾಡುತ್ತಾರೆ. ಪರೀಕ್ಷೆ ಸರಳ. ರೆಡಿಮೇಡ್ ಶೂನ ಇನ್ಸೋಲ್ ಹೊರಗೆ ತೆಗೆದು ನೆಲದ ಮೇಲಿಡಿ, ಅದರ ಮೇಲೆ ನಿಲ್ಲಿ. ಪಾದದ ಯಾವುದೇ ಭಾಗ ಆಚೆ ಚಾಚಿದರೆ ಆ ಶೂ ನಿಮ್ಮದಲ್ಲ.

ಎರಡು ಪಾದ ಬೇರೆ ಬೇರೆ ಸೈಜ್ ಇದ್ದರೆ ಎರಡು ಜೊತೆ ಕೊಳ್ಳಬೇಕಾಗಬಹುದು. ಚಿಕ್ಕ ಪಾದದ ಶೂನಲ್ಲಿ ಹತ್ತಿ ತುರುಕಬೇಡಿ. ಅದು ಉಂಡೆಯಾಗಿ ಒತ್ತುತ್ತದೆ.

“ಆನ್‌ಲೈನಲ್ಲಿ ಸಿಲಿಕೋನ್ ಆರ್ಚ್ ಸಪೋರ್ಟ್ ಸಿಗುತ್ತೆ. ಸುಮ್ನೆ ಹಾಕ್ಕೊಂಡು ನೋಡ್ಲಾ?”

ಬೇಡ. ಅವು ಕುಸಿದ ಕಮಾನನ್ನು ಎತ್ತಿಹಿಡಿಯಲು ಮಾಡಿದವು, ಬಗ್ಗುವ ಪಾದಕ್ಕೆ. ಗಟ್ಟಿಯಾದ ಚಪ್ಪಟೆ ಪಾದದಲ್ಲಿ ಕಮಾನು ಮೇಲೇಳುವುದಿಲ್ಲ, ಆ ಉಬ್ಬು ಮೂಳೆಗೆ ಒತ್ತಿಕೊಂಡು ಕೂರುತ್ತದೆ. ನಿಮಗೆ ಬೇಕಿರುವ ಇನ್ಸೋಲ್ ನಿಮ್ಮ ಅಂಗಾಲಿನ ಆಕಾರವನ್ನು ಇದ್ದ ಹಾಗೇ ಪಡೆದಿರಬೇಕು: ಉಬ್ಬಿರುವಲ್ಲಿ ಕುಳಿ, ಖಾಲಿ ಇರುವಲ್ಲಿ ತುಂಬು. ಮೇಲೆ ಮೆತ್ತನೆ ಫೋಮ್, ಅಡಿಯಲ್ಲಿ ಆಕಾರ ಹಿಡಿದಿಡುವ, ಇವಿಎ ಅನ್ನುವ ಗಟ್ಟಿ ಫೋಮ್. ಪೂರ್ತಿ ಮೆತ್ತಗಿರುವ ಇನ್ಸೋಲ್ ಕೊಂಡ ದಿನ ಹಾಯೆನಿಸುತ್ತದೆ, ಆಮೇಲೆ ಚಪ್ಪಟೆಯಾಗಿ ಯಾವ ಕೆಲಸಕ್ಕೂ ಬರುವುದಿಲ್ಲ.

“ನಮ್ಮೂರಲ್ಲಿ ಶೂ ಹಾಕಿದ್ರೆ ಬೆವರುತ್ತೆ. ಚಪ್ಪಲಿನೇ ಆಗಲ್ವಾ?”

ಆಗುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ದಿನವಿಡೀ ಬೂಟು ಹಾಕಿ ಅಂದರೆ ಯಾರೂ ಹಾಕುವುದಿಲ್ಲ, ಮೂಲೆಯಲ್ಲಿ ಇಡುತ್ತಾರೆ. ಹಾಕುವ ಚಪ್ಪಲಿ ಹಾಕದ ಬೂಟಿಗಿಂತ ಎಷ್ಟೋ ಮೇಲು.

ಎಂಸಿಆರ್ ಚಪ್ಪಲಿ ಕೇಳಿ. ಸಣ್ಣ ಸಣ್ಣ ಗಾಳಿಗುಳಿ ಇರುವ ಮೆತ್ತನೆ ರಬ್ಬರ್ ಅದು. ವೆಲ್ಲೂರು ಮತ್ತು ಕರಿಗಿರಿಯಲ್ಲಿ ಡಾ. ಪಾಲ್ ಬ್ರಾಂಡ್ ಮತ್ತು ಸಂಗಡಿಗರು ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳಿಗಾಗಿ ಇಂಥ ಚಪ್ಪಲಿಯನ್ನು ಬಳಕೆಗೆ ತಂದರು. ಇವತ್ತು ಸಕ್ಕರೆ ಕಾಯಿಲೆಯ ಪಾದಕ್ಕೂ ಅದೇ ಆಧಾರ. ಹೆಬ್ಬೆಟ್ಟಿನಿಂದ ಒತ್ತಿದರೆ ಚೆನ್ನಾಗಿ ತಗ್ಗಬೇಕು, ಬಿಟ್ಟ ತಕ್ಷಣ ಮೇಲೆ ಬರಬೇಕು. ಎಂಸಿಆರ್ ಎಂದು ಹೇಳಿ ಸಾಮಾನ್ಯ ಹವಾಯಿ ರಬ್ಬರ್ ಕೊಡುವುದೂ ಉಂಟು, ಆದ್ದರಿಂದ ಒತ್ತಿ ನೋಡಿಯೇ ತಗೊಳ್ಳಿ. ಅಡಿಯಲ್ಲಿ ಮುಳ್ಳು, ಮೊಳೆ ತೂರದ ಗಟ್ಟಿ ಸೋಲ್ ಇರಲಿ. ಹಿಮ್ಮಡಿ ಹಿಂದೆ ಪಟ್ಟಿ ಕಡ್ಡಾಯ. ಪಟ್ಟಿಗಳೆಲ್ಲ ವೆಲ್ಕ್ರೋ ಆಗಿರಲಿ. ಸ್ಪರ್ಶ ಕಡಿಮೆ ಇರುವವರು ಬೆರಳ ಸಂದಿಯಲ್ಲಿ ಕಡ್ಡಿ ಬರುವ ಚಪ್ಪಲಿ ಹಾಕಲೇಬಾರದು. ಸೋಲ್‌ಗೆ ಮೊಳೆ ಹೊಡೆಯುವುದು ಬೇಡ, ಅಂಟು ಮತ್ತು ಹೊಲಿಗೆ ಸಾಕು.

ಪಾದ ಅಂಚಿನ ಮೇಲೆ ತುಂಬ ವಾಲುವವರಿಗೆ ಮಾತ್ರ ಚಪ್ಪಲಿಯ ಹಿಡಿತ ಸಾಲದು. ಅವರಿಗೆ ಕಣಕಾಲು ಮುಚ್ಚುವ ಬೂಟು ಬೇಕು.

“ಮದುವೆಗೆ ರೇಷ್ಮೆ ಸೀರೆ ಉಟ್ಟು ಈ ದಪ್ಪ ಕಪ್ಪು ಬೂಟು ಹಾಕೋದಾ? ಆಗಲ್ಲ.”

ನಿಮ್ಮ ಮಾತು ಸರಿ. ಇದು ಚಿಕ್ಕ ವಿಷಯ ಅಲ್ಲ. ಬಣ್ಣ, ತೊಗಲು, ಪಟ್ಟಿಯ ವಿನ್ಯಾಸ ಎಲ್ಲವನ್ನೂ ಬದಲಿಸಬಹುದು. ಒಳಗಿನ ಇನ್ಸೋಲ್ ಮತ್ತು ಅಡಿಯ ಸೋಲ್ ಬದಲಾಗಬಾರದು, ಅಷ್ಟೇ. ಮರೂನ್, ಬಂಗಾರದ ಬಣ್ಣದ ತೊಗಲಿನಲ್ಲಿ ಮುಂಭಾಗ ಮುಚ್ಚಿದ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಮಾಡಿಸಿಕೊಂಡವರು ಇದ್ದಾರೆ. ಎತ್ತರಿಸಿದ ಸೋಲ್ ಭಾಗ ಸೀರೆಯ ಅಂಚಿನಲ್ಲಿ ಮರೆಯಾಗುತ್ತದೆ. ಆರ್ಡರ್ ಕೊಡುವಾಗಲೇ ಹೇಳಿ. ಕೇಳದೆ ಹೋದರೆ ಕಪ್ಪೇ ಬರುತ್ತದೆ.

ಕಾಲುಂಗುರದ ಬಗ್ಗೆಯೂ ಒಂದು ಮಾತು. ಬೆರಳು ಮಡಚಿ ಬಿಗಿಯಾಗಿದ್ದರೆ ಅಥವಾ ಊತ ಬರುತ್ತಿದ್ದರೆ, ಶೂ ಒಳಗೆ ಉಂಗುರ ಪಕ್ಕದ ಬೆರಳನ್ನು ಕತ್ತರಿಸುತ್ತದೆ. ಶೂ ಹಾಕುವಷ್ಟು ಹೊತ್ತು ತೆಗೆದಿಡಿ. ಹೊರಗೆ ಬರದಷ್ಟು ಬಿಗಿಯಾಗಿದ್ದರೆ ಅಕ್ಕಸಾಲಿಗರ ಹತ್ತಿರ ತೆಗೆಸಿ, ಬಾಯಿ ತೆರೆದ ಉಂಗುರ ಮಾಡಿಸಿ.

“ಮನೆಯೊಳಗೆ, ದೇವಸ್ಥಾನದಲ್ಲಿ ಏನ್ ಮಾಡ್ಲಿ? ಅಲ್ಲಿ ಚಪ್ಪಲಿ ಹಾಕೋ ಹಾಗಿಲ್ಲ.”

ನಾವು ದಿನದ ಅರ್ಧಕ್ಕಿಂತ ಜಾಸ್ತಿ ಹೊತ್ತು ಮನೆಯೊಳಗೇ ಓಡಾಡುತ್ತೇವೆ. ಹೊರಗೆ ಒಳ್ಳೆಯ ಶೂ, ಒಳಗೆ ಗಟ್ಟಿ ಟೈಲ್ಸ್ ಮೇಲೆ ಬರಿಗಾಲು ಅಂದರೆ ಅರ್ಧ ಚಿಕಿತ್ಸೆ ಆದ ಹಾಗೆ. ಮನೆಗೆಂದೇ ಇನ್ನೊಂದು ಜೊತೆ ಎಂಸಿಆರ್ ಚಪ್ಪಲಿ ಇಡಿ. ಹೊರಗೆ ಅದನ್ನು ಹಾಕುವುದೇ ಇಲ್ಲ ಎಂದು ಮನೆಯ ಹಿರಿಯರಿಗೆ ತಿಳಿಸಿ ಹೇಳಿದರೆ ಬಹಳ ಜನ ಒಪ್ಪುತ್ತಾರೆ. ದೇವಸ್ಥಾನಕ್ಕೆ ದಪ್ಪ ಕಾಲುಚೀಲದೊಳಗೆ ಬಟ್ಟೆ ಹೊದಿಸಿದ ಇನ್ಸೋಲ್ ಕೂರಿಸಿಕೊಂಡು ಹೋಗಬಹುದು. ನುಣುಪು ಕಲ್ಲಿನ ಮೇಲೆ ಜಾರದಂತೆ ಅಡಿಯಲ್ಲಿ ರಬ್ಬರ್ ಚುಕ್ಕೆ ಇರುವ ಕಾಲುಚೀಲ ಆರಿಸಿ.

ಸ್ಪರ್ಶ ಇಲ್ಲದವರು ಬೇಸಿಗೆಯ ಮಧ್ಯಾಹ್ನ ಪ್ರದಕ್ಷಿಣೆ ಮಾಡಲೇಬೇಡಿ. ಕಾದ ಕಲ್ಲುಹಾಸಿನಲ್ಲಿ ಅಂಗಾಲು ಬೆಂದರೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಹೋಗಿ.

“ಸರ್ಕಾರದಿಂದ ಸಿಗುತ್ತಂತೆ. ಹೇಗೆ ಕೇಳೋದು?”

ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಸಾಧನಗಳನ್ನು ಉಚಿತವಾಗಿ ಅಥವಾ ಅರ್ಧ ಬೆಲೆಗೆ ಕೊಡುತ್ತಾರೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಆದಾಯದ ಮಿತಿ ಇದೆ. ದೊಡ್ಡವರಾದರೆ ಹಿಂದಿನ 3 ವರ್ಷದಲ್ಲಿ ಅದೇ ಉದ್ದೇಶಕ್ಕೆ ಸಾಧನ ಪಡೆದಿರಬಾರದು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಟ್ಟುಕೊಂಡರೆ ಎಲ್ಲ ಕಡೆ ಸುಲಭ. ಇಂಥ ಸಾಧನ ತಯಾರಿಸುವ ಕೇಂದ್ರ ಸರ್ಕಾರದ ಅಲಿಮ್ಕೋ ಸಂಸ್ಥೆಯವರು ಶಿಬಿರಗಳಲ್ಲಿ ಅಳತೆ ತೆಗೆಯುತ್ತಾರೆ.

ಹಳ್ಳಿಯಲ್ಲಿರುವವರು ಮೊದಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ವಿಆರ್‌ಡಬ್ಲ್ಯು ಅಂದರೆ ಪಂಚಾಯಿತಿಯಲ್ಲಿ ಗೊತ್ತಾಗುತ್ತದೆ. ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಶಿಬಿರ ಎಂದು, ಎಲ್ಲಿ ಅನ್ನುವ ಸುದ್ದಿ ಮೊದಲು ತಲುಪುವುದು ಅವರಿಗೆ. ಶಿಬಿರದಲ್ಲಿ ಕೊಟ್ಟ ಶೂ ನಿಮ್ಮ ಪಾದಕ್ಕೆ ಕೂರದಿದ್ದರೆ ಸಹಿ ಹಾಕುವ ಮೊದಲೇ ಹೇಳಿ. ಉಚಿತ ಅಂತ ಸುಮ್ಮನಿರಬೇಡಿ.

“ಹೊಸ ಶೂ ಹಾಕಿದ ದಿನಾನೇ ಕೆಂಪು ಗುರುತು ಬಂತು. ಇದು ಸಹಜನಾ?”

ಮೊದಲ ದಿನ ಒಂದು ಗಂಟೆ ಮಾತ್ರ ಹಾಕಿ, ಅದೂ ಮನೆಯೊಳಗೆ. ತೆಗೆದು ಪಾದ ನೋಡಿ. ಅರ್ಧ ಗಂಟೆಯೊಳಗೆ ಮಾಯವಾಗುವ ತಿಳಿ ಕೆಂಪು ಪರವಾಗಿಲ್ಲ. ಅದಕ್ಕಿಂತ ಹೊತ್ತು ಉಳಿದರೆ ಆ ಜಾಗದಲ್ಲಿ ಒತ್ತುತ್ತಿದೆ. ಗುರುತಿನ ಫೋಟೋ ತೆಗೆದು ಶೂ ಸಮೇತ ವಾಪಸ್ ಹೋಗಿ. ಗುರುತು ಇಲ್ಲದಿದ್ದರೆ ದಿನಕ್ಕೆ ಒಂದೊಂದು ಗಂಟೆ ಹೆಚ್ಚಿಸಿ.

“ಹಾಕ್ತಾ ಹಾಕ್ತಾ ಸರಿ ಹೋಗುತ್ತೆ” ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ತೊಗಲು ಸ್ವಲ್ಪ ಹಿಗ್ಗಬಹುದು, ಗಟ್ಟಿ ಮೂಳೆ ಸರಿಯುವುದಿಲ್ಲ. ಮೊದಲ ತಿಂಗಳಲ್ಲಿ ಒಂದೆರಡು ಸಲ ತಿದ್ದಿಸುವುದು ಮಾಮೂಲು. ಹಣ ಕೊಡುವ ಮುಂಚೆಯೇ ತಿದ್ದುಪಡಿ ಸೇರಿದೆಯೇ ಎಂದು ಕೇಳಿಕೊಳ್ಳಿ.

“ಮಲೆನಾಡಿನ ಮಳೆ. ಎಷ್ಟು ದಿನ ಬಾಳುತ್ತೆ ಈ ಶೂ?”

ದಿನಾ ಹಾಕುವ ಮೆತ್ತನೆ ಇನ್ಸೋಲ್ ಆರು ತಿಂಗಳಿಂದ ಒಂದು ವರ್ಷದೊಳಗೆ ಬದಲಿಸಬೇಕಾಗುತ್ತದೆ. ಹೊರಗಿನ ಶೂ ಜಾಸ್ತಿ ಬಾಳುತ್ತದೆ, ಸೋಲ್ ಮತ್ತೆ ಹಾಕಿಸಬಹುದು. ಒದ್ದೆಯಾದರೆ ಇನ್ಸೋಲ್ ತೆಗೆದು, ಒಳಗೆ ಪತ್ರಿಕೆ ಕಾಗದ ತುಂಬಿ, ನೆರಳಲ್ಲಿ ಗಾಳಿಗೆ ಒಣಗಿಸಿ. ಒಲೆ ಹತ್ತಿರ ಇಟ್ಟರೆ ತೊಗಲು ಸೆಟೆದು ಬಿರಿಯುತ್ತದೆ, ಇನ್ಸೋಲ್ ಆಕಾರ ಕಳೆದುಕೊಳ್ಳುತ್ತದೆ. ಮಳೆನಾಡಿನವರಿಗೆ ಎರಡು ಜೊತೆ ಬೇಕೇ ಬೇಕು, ಒಂದು ಒಣಗುವಾಗ ಇನ್ನೊಂದು.

## ಇನ್ನಷ್ಟು ಆಳಕ್ಕೆ

“ಸಕ್ಕರೆ ಕಾಯಿಲೆ ಇದೆ, ಪಾದ ಜೋಮು. ನೋವೇ ಇಲ್ಲ ಅಂದ್ಮೇಲೆ ಶೂ ಸರಿಯಿದೆ ಅಂತ ಅರ್ಥ ಅಲ್ವಾ?”

ಅಲ್ಲ. ಬಗ್ಗದ ಪಾದ ಮತ್ತು ಸ್ಪರ್ಶ ಇಲ್ಲದಿರುವುದು, ಇವೆರಡೂ ಸೇರಿದರೆ ಹುಣ್ಣಿಗೆ ದಾರಿ. ಮನೆಯಲ್ಲಿ ಪರೀಕ್ಷೆ ಮಾಡಿಕೊಳ್ಳಿ. ಕಣ್ಣು ಮುಚ್ಚಿಕೊಳ್ಳಿ. ಮನೆಯವರು ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಒಂದೆರಡು ಸೆಕೆಂಡ್ ಹಗುರಾಗಿ ಮುಟ್ಟಲಿ. ಆರರಲ್ಲಿ ಎರಡು ಅಥವಾ ಹೆಚ್ಚು ಗೊತ್ತಾಗದಿದ್ದರೆ ಸ್ಪರ್ಶ ಕಡಿಮೆಯಾಗಿದೆ. ಕ್ಲಿನಿಕ್‌ನಲ್ಲಿ ಇದನ್ನೇ 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ನೋಡುತ್ತಾರೆ.

ಹಾಕುವ ಮೊದಲು ಶೂ ತಲೆಕೆಳಗು ಮಾಡಿ ಕೊಡವಿ, ಕೈ ಹಾಕಿ ಒಳಗೆಲ್ಲ ಸವರಿ. ಒಂದು ಹುಣಸೆ ಬೀಜ ಒಳಗಿದ್ದರೂ ಸಂಜೆಗೆ ಗಾಯ. ತಿಳಿ ಬಣ್ಣದ ಕಾಲುಚೀಲ ಹಾಕಿ, ರಕ್ತ ಅಥವಾ ಕೀವು ಇದ್ದರೆ ಕಾಣುತ್ತದೆ. ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿ. ಜಡ್ಡನ್ನು ಬ್ಲೇಡಿನಿಂದ ಕೆರೆಯಬೇಡಿ, ಆಣಿ ಪಟ್ಟಿ ಅಂಟಿಸಬೇಡಿ. ಅದರಲ್ಲಿರುವ ಆಸಿಡ್ ಚರ್ಮ ತಿನ್ನುತ್ತದೆ.

ಒಂದು ಪಾದ ಇದ್ದಕ್ಕಿದ್ದ ಹಾಗೆ ಬಿಸಿಯಾಗಿ, ಕೆಂಪಾಗಿ, ಊದಿಕೊಂಡರೆ, ನೋವಿಲ್ಲದಿದ್ದರೂ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಶಾರ್ಕೋ ಪಾದ ಆಗಿರಬಹುದು, ಒಳಗೆ ಮೂಳೆ ಕುಸಿಯುತ್ತಿರಬಹುದು. ಆಗ ಬೇಕಿರುವುದು ಶೂ ಅಲ್ಲ, ಪೂರ್ತಿ ಪಾದ ಹಿಡಿದಿಡುವ ಪ್ಲಾಸ್ಟರ್. ಶೂ ಅಳತೆ ಆ ಬಿಸಿ ಪೂರ್ತಿ ಇಳಿದ ಮೇಲೆ. ತೆರೆದ ಹುಣ್ಣು ಇದ್ದಾಗಲೂ ಹಾಗೇ, ಮೊದಲು ಅದು ಮಾಯಲಿ.

“ಹಿಮ್ಮಡಿ ನೆಲಕ್ಕೆ ತಾಗೋದೇ ಇಲ್ಲ. ಫ್ಲಾಟ್ ಶೂ ಹಾಕಿ ಅಭ್ಯಾಸ ಮಾಡ್ಕೊಳ್ಳಿ ಅಂತಾರೆ. ಸರಿನಾ?”

ಕಣಕಾಲು ಆ ಸ್ಥಿತಿಯಲ್ಲೇ ಗಟ್ಟಿಯಾಗಿದ್ದರೆ ಆ ಸಲಹೆ ತಪ್ಪು. ಹಿಮ್ಮಡಿ ಇಳಿಸಲು ಹೋದರೆ ಮಂಡಿ ಹಿಂದಕ್ಕೆ ಬಾಗುತ್ತದೆ, ಇಲ್ಲವೇ ಪಾದದ ನಡುಭಾಗ ಮುರಿದುಕೊಂಡ ಹಾಗೆ ಕುಸಿಯುತ್ತದೆ. ಮೊಣಕಾಲ ಕೆಳಗಿನ ಭಾಗ ನೆಟ್ಟಗೆ ನಿಂತಾಗ ಹಿಮ್ಮಡಿ ಮತ್ತು ನೆಲದ ನಡುವೆ ಎಷ್ಟು ಅಂತರ ಇದೆಯೋ ಅಷ್ಟನ್ನು ಹೀಲ್‌ನಲ್ಲಿ ತುಂಬಬೇಕು. ಆಗ ಆ ಕಾಲು ಉದ್ದವಾದಂತಾಗುತ್ತದೆ, ಇನ್ನೊಂದು ಶೂ ಕೂಡ ಏರಿಸಬೇಕಾಗಬಹುದು. ಇದನ್ನು ಮರೆಯುವವರು ಬಹಳ, ಆಮೇಲೆ ಸೊಂಟ ನೋವು ಶುರುವಾಗುತ್ತದೆ.

“ಪಾದ ಒಳಕ್ಕೆ ತಿರುಗಿ ಹೊರ ಅಂಚಿನ ಮೇಲೆ ನಡೀತೀನಿ. ಹೊರಗಡೆ ವೆಜ್ ಹಾಕಿ ಅಂತ ಒಬ್ರು, ಒಳಗಡೆ ಹಾಕಿ ಅಂತ ಇನ್ನೊಬ್ರು. ಯಾವುದು ಸರಿ?”

ಇಬ್ಬರೂ ಬೇರೆ ಬೇರೆ ಪಾದದ ಬಗ್ಗೆ ಹೇಳುತ್ತಿದ್ದಾರೆ. ವೆಜ್ ಅಂದರೆ ಒಂದು ಅಂಚು ದಪ್ಪ, ಇನ್ನೊಂದು ತೆಳು ಇರುವ ತುಂಡು. ಬಗ್ಗುವ ಪಾದಕ್ಕೆ ಹೊರಗಡೆ ವೆಜ್ ಹಾಕಿದರೆ ಅದು ಪಾದವನ್ನು ನೇರಕ್ಕೆ ತಳ್ಳುತ್ತದೆ. ಗಟ್ಟಿ ಪಾದಕ್ಕೆ ಅದನ್ನೇ ಹಾಕಿದರೆ, ಈಗಾಗಲೇ ಭಾರ ಹೊರುತ್ತಿರುವ ಹೊರ ಅಂಚಿಗೆ ಇನ್ನಷ್ಟು ಒತ್ತಡ. ಗಟ್ಟಿ ಪಾದದಲ್ಲಿ ನೆಲಕ್ಕೆ ತಾಗದೆ ತೇಲುತ್ತಿರುವುದು ಒಳ ಅಂಚು, ಆದ್ದರಿಂದ ಇನ್ಸೋಲ್ ಒಳಗಡೆಯ ಖಾಲಿ ತುಂಬಬೇಕು. ಜೊತೆಗೆ ಕಣಕಾಲು ಹೊರಕ್ಕೆ ಉಳುಕದಂತೆ ಸೋಲ್‌ನ ಹೊರ ಅಂಚನ್ನು ಆಚೆಗೆ ಅಗಲ ಮಾಡಬೇಕು. ಅದಕ್ಕೆ ಫ್ಲೇರ್ ಅನ್ನುತ್ತಾರೆ. ಹಿಮ್ಮಡಿ ಹಿಡಿಯುವ ಕಪ್ ಗಟ್ಟಿಯಾಗಿ, ಎತ್ತರವಾಗಿ ಇರಲಿ.

ಸ್ವಲ್ಪ ಬಗ್ಗುವ, ಸ್ವಲ್ಪ ಬಗ್ಗದ ಪಾದದಲ್ಲಿ ಲೆಕ್ಕ ಸೂಕ್ಷ್ಮ. ಒಳಗಡೆ ಜಾಸ್ತಿ ತುಂಬಿದರೆ ಪಾದ ಇನ್ನೂ ಹೊರಕ್ಕೆ ಮಗುಚುತ್ತದೆ. ತಾತ್ಕಾಲಿಕ ವೆಜ್ ಅಂಟಿಸಿ ನಡೆಸಿ ನೋಡಿದ ಮೇಲೆಯೇ ಕಾಯಂ ಮಾಡಿಸಿ.

“ಪೋಲಿಯೋದಿಂದ ಒಂದು ಕಾಲು ಗಿಡ್ಡ. ಎಷ್ಟಿದೆಯೋ ಅಷ್ಟೂ ಏರಿಸಬೇಕಾ?”

ಭಾರತದಲ್ಲಿ ಕೊನೆಯ ವೈಲ್ಡ್ ಪೋಲಿಯೋ ಪ್ರಕರಣ ಕಂಡದ್ದು 2011ರಲ್ಲಿ, ಪೋಲಿಯೋಮುಕ್ತ ಎಂದು ಘೋಷಣೆಯಾದದ್ದು 2014ರಲ್ಲಿ. ಆದರೆ ಅದಕ್ಕೂ ಮೊದಲು ಪೋಲಿಯೋ ಬಂದವರಲ್ಲಿ ಬಹಳ ಜನ ಈಗ ನಡುವಯಸ್ಸು ದಾಟುತ್ತಿದ್ದಾರೆ, ಅವರ ಕಾಲಿಗೆ ಈಗಲೇ ಒಳ್ಳೆಯ ಶೂ ಬೇಕು.

ಪೂರ್ತಿ ಏರಿಸಬೇಡಿ. ಬಲ ಕಡಿಮೆ ಇರುವ ಕಾಲನ್ನು ಮುಂದಕ್ಕೆ ತರುವಾಗ ನೆಲಕ್ಕೆ ತಾಗದಿರಲು ಸುಮಾರು ಒಂದು ಸೆಂಟಿಮೀಟರ್ ಕಡಿಮೆಯೇ ಬಿಡುತ್ತೇವೆ. ಪಾದದ ಕೆಳಗೆ ತೆಳು ಹಲಗೆಗಳನ್ನು ಒಂದೊಂದಾಗಿ ಇಟ್ಟು ಸೊಂಟ ಮಟ್ಟವಾಗುವುದನ್ನು ನೋಡಿ ಅಳೆಯುತ್ತಾರೆ. ಒಂದು ಸೆಂಟಿಮೀಟರ್‌ವರೆಗೆ ಶೂ ಒಳಗೆ ಹಾಕಬಹುದು. ಅದಕ್ಕಿಂತ ಜಾಸ್ತಿ ಒಳಗೆ ತುರುಕಿದರೆ ಹಿಮ್ಮಡಿ ಮೇಲೆದ್ದು ಶೂ ಕಳಚುತ್ತದೆ, ಆದ್ದರಿಂದ ಉಳಿದದ್ದು ಹೊರಗೆ ಸೋಲ್‌ನಲ್ಲಿ. ಹಗುರ ಇವಿಎ ಬಳಸಲು ಹೇಳಿ, ಗಟ್ಟಿ ರಬ್ಬರ್ ಭಾರ. ವರ್ಷಗಳಿಂದ ಏರಿಸದೆ ನಡೆದವರಿಗೆ ಒಂದೇ ಸಲಕ್ಕೆ ಪೂರ್ತಿ ಬೇಡ, ಹಂತಹಂತವಾಗಿ.

“ದೋಣಿ ಥರ ಬಾಗಿದ ಸೋಲ್ ಹಾಕಿಸಿದ್ದಾರೆ. ಇದರಲ್ಲಿ ಸ್ಕೂಟರ್ ಓಡಿಸಬಹುದಾ?”

ಅದು ರಾಕರ್ ಸೋಲ್. ಕಣಕಾಲು ಅಥವಾ ಬೆರಳ ಬುಡ ಬಗ್ಗದಿದ್ದಾಗ ಹೆಜ್ಜೆ ಉರುಳಲು ಬೇಕು. ಮುಂಗಾಲಿನ ಒತ್ತಡವೂ ಇಳಿಯುತ್ತದೆ. ಬಾಗು ಶುರುವಾಗುವ ಗೆರೆ ಬೆರಳ ಬುಡದ ಮೂಳೆಗಳ ಸ್ವಲ್ಪ ಹಿಂದೆ ಇರಬೇಕು. ಮುಂದೆ ಹೋದರೆ ಅದೇ ಮೂಳೆಗಳಿಗೆ ಒತ್ತುತ್ತದೆ. ಸೋಲ್ ಗಟ್ಟಿಯಾಗಿರಬೇಕು, ಕೈಯಲ್ಲಿ ಬಗ್ಗಿದರೆ ಪ್ರಯೋಜನ ಇಲ್ಲ.

ಮೊದಲ ವಾರ ನಿಂತಾಗ ಓಲಾಡಿದಂತೆ ಆಗುತ್ತದೆ. ಮೆಟ್ಟಿಲು, ಬಸ್ಸಿನ ಪಾವಟಿಗೆ ಹತ್ತುವಾಗ ಕಂಬಿ ಹಿಡಿಯಿರಿ. ಮೊದಲಿಂದಲೇ ಸಮತೋಲ ಕಡಿಮೆ ಇರುವವರಿಗೆ ಬಾಗು ಕಡಿಮೆ ಮಾಡಿಸಿ. ಗೇರ್ ಇಲ್ಲದ, ಕೈಬ್ರೇಕಿನ ಸ್ಕೂಟರ್ ಅಭ್ಯಾಸವಾದ ಮೇಲೆ ಓಡಿಸಬಹುದು, ಆದರೆ ಸಿಗ್ನಲ್‌ನಲ್ಲಿ ನಿಂತಾಗ ಇನ್ನೊಂದು ಕಾಲನ್ನು ಊರಿ. ಕಾಲುಬ್ರೇಕಿನ ಬೈಕು, ಕಾರು ಬೇರೆ ವಿಷಯ. ಪೆಡಲ್ ಎಲ್ಲಿದೆ ಎಂದು ದಪ್ಪ ಸೋಲ್‌ನಲ್ಲಿ ತಿಳಿಯುವುದಿಲ್ಲ. ಡಾಕ್ಟರ್ ಒಪ್ಪದೆ ಓಡಿಸಬೇಡಿ.

“ಎಎಫ್‌ಒ ಹಾಕ್ತೀನಿ. ಅದರ ಮೇಲೆ ಯಾವ ಶೂ?”

ಎಎಫ್‌ಒ ಅಂದರೆ ಕಣಕಾಲು, ಪಾದ ಎರಡನ್ನೂ ಹಿಡಿದಿಡುವ ಆಧಾರ ಸಾಧನ. ಶೂ ಕೊಳ್ಳಲು ಹೋಗುವಾಗ ಅದನ್ನು ಹಾಕಿಕೊಂಡೇ ಹೋಗಿ. ಬೆರಳವರೆಗೂ ಬಿಚ್ಚಿಕೊಳ್ಳುವ, ಇನ್ಸೋಲ್ ತೆಗೆಯಲು ಬರುವ ಶೂ ಬೇಕು. ಹೀಲ್ ಎತ್ತರವನ್ನು ಎಎಫ್‌ಒ ಮಾಡಿದಾಗ ಇದ್ದಷ್ಟೇ ಇಡಿ. ಅದು ಬದಲಾದರೆ ಮಂಡಿ ಮುಂದಕ್ಕೋ ಹಿಂದಕ್ಕೋ ತಳ್ಳಲ್ಪಡುತ್ತದೆ. ಕಾಲ್ಗೆಜ್ಜೆ ಅದರೊಳಗೆ ಬೇಡ.

“ಆಪರೇಷನ್ ಮಾಡಿಸಿದ್ರೆ ಈ ಶೂ ಗೋಜೇ ಇರಲ್ವಾ?”

ಕೆಲವರಿಗೆ ಆಪರೇಷನ್ ದೊಡ್ಡ ಉಪಕಾರ. ಮೂಳೆ ಕತ್ತರಿಸಿ, ಕೀಲುಗಳನ್ನು ಸರಿಯಾದ ಸ್ಥಾನದಲ್ಲಿ ಕೂಡಿಸಿದರೆ ಪಾದ ಅಡ್ಡ ಬೀಳದೆ ನೆಲಕ್ಕೆ ಸಮನಾಗಿ ಕೂರುತ್ತದೆ. ಒಳ್ಳೆಯ ಶೂ ಹಾಕಿಯೂ ಹುಣ್ಣು ಮರಳಿ ಬರುತ್ತಿದ್ದರೆ, ಯಾವ ಶೂನಲ್ಲೂ ಪಾದ ನಿಲ್ಲದಿದ್ದರೆ ಅದನ್ನು ಗಂಭೀರವಾಗಿ ಯೋಚಿಸಿ. ಸಕ್ಕರೆ ಹತೋಟಿ, ರಕ್ತ ಓಡಾಟ ಸರಿಯಿಲ್ಲದವರಿಗೆ, ಬೀಡಿ ಸಿಗರೇಟು ಬಿಡದವರಿಗೆ ಗಾಯ ಮಾಯುವುದು, ಮೂಳೆ ಕೂಡುವುದು ಕಷ್ಟ.

ಕೂಡಿಸಿದ ಕೀಲು ಬಗ್ಗುವುದಿಲ್ಲ. ಆದ್ದರಿಂದ ಬಹಳ ಜನರಿಗೆ ಆಮೇಲೂ ರಾಕರ್ ಸೋಲ್, ಮೆತ್ತನೆ ಹೀಲ್ ಬೇಕಾಗುತ್ತದೆ. ವ್ಯತ್ಯಾಸ ಏನೆಂದರೆ, ಅಚ್ಚು ತೆಗೆಸಬೇಕಿದ್ದವರಿಗೆ ರೆಡಿಮೇಡ್ ಶೂ ತಿದ್ದಿಸಿದರೆ ಸಾಕಾಗಬಹುದು. ಆಪರೇಷನ್ ಆದ ತಕ್ಷಣ ಹೊಸ ಶೂಗೆ ಹಣ ಹಾಕಬೇಡಿ. ಊತ ಇಳಿಯಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ವೆಲ್ಕ್ರೋ ಪಟ್ಟಿಯ ತಾತ್ಕಾಲಿಕ ಶೂ ಸಾಕು. ಬೆಳಿಗ್ಗೆ ಮತ್ತು ಸಂಜೆಯ ಸುತ್ತಳತೆ ಹೆಚ್ಚುಕಡಿಮೆ ಒಂದೇ ಬರತೊಡಗಿದ ಮೇಲೆ ಅಳತೆ ಕೊಡಿ.